ಚೀನಕ್ಕನಿಗೊಂದು ಕಾಗದದ ನೈಟಿ

ಕಳೆದ ಭಾನುವಾರ ಸಂಜೆ ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಮನೆ ಹತ್ತಿರದ ಜಂಕ್ಷನ್‌ನಲ್ಲಿ ಒಂದು ಪ್ರತಿಭಟನೆ ನಡೆಯಿತು. ರಸ್ತೆಯಲ್ಲಿ ಬೆಂಕಿ ಉರಿಯಿತು. ಮಟಾಟು, ಅಂದರೆ ಇಲ್ಲಿಯ ಮಿನಿಬಸ್ಸೊಂದು, ಬಂದ ದಾರಿಯಲ್ಲೇ ರಿವರ್ಸ್ ಹೊಡೆಯಿತು. ಮೂಲೆಯ ಅಂಗಡಿಯವನು ದಡಾರನೆ ಷಟರ್ ಎಳೆದ. ಕೊನೆಗೆ ಪೊಲೀಸರೂ ಬಂದರು.

ಪ್ರತಿಭಟನಾಕಾರರು ಒಟ್ಟು ಮೂವರು. ಒಬ್ಬ ಚೀನೀ ಎಂಜಿನಿಯರ್. ನಮ್ಮತ್ತೆ. ಮತ್ತು ಈ ಅಂಕಣ ಬರೆಯುವ ನಾನು.

ಯಾರ ವಿರುದ್ಧ ಎಂದು ಕೇಳುತ್ತೀರಾ? ಯಾರ ವಿರುದ್ಧವೂ ಅಲ್ಲ. ತೀರಿಕೊಂಡ ಒಬ್ಬ ತಾಯಿಗೆ ಕೋಟು ಕಳಿಸುತ್ತಿದ್ದೆವು. ಅಷ್ಟೇ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮೇಲಿನ ಫ್ಲೋರ್‌ನಲ್ಲಿ ಮಿಸ್ಟರ್ ಹೂ ಇದ್ದಾರೆ. (ಹೌದು, ಹೆಸರೇ ಹೂ. ಫೋನಿನಲ್ಲಿ "ಹೂ" ಅಂದಾಗ ಪರಿಚಯ ಹೇಳಿಕೊಂಡರೋ, ನನ್ನ ಮಾತು ಒಪ್ಪಿಕೊಂಡರೋ ಎಂದು ಇವತ್ತಿಗೂ ಗೊಂದಲ.) ಟೈಲ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಲಿಫ್ಟಿನಲ್ಲಿ ಸಿಕ್ಕರೆ ಒಂದು ನಗು, ಬಾಗಿಲು ಹಿಡಿದುಕೊಳ್ಳುವ ಸೌಜನ್ಯ, ಅದರಾಚೆ ಮಾತಿಲ್ಲ. ನಮ್ಮತ್ತೆ ಮಾತ್ರ ಅವರನ್ನು ಬಾಯಿ ತುಂಬ "ಹೂವಪ್ಪ" ಎಂದು ಕರೆಯುತ್ತಾರೆ.

ನಮ್ಮತ್ತೆ ನಿಮಗೆ ಹೊಸಬರಲ್ಲ. ಮದ್ದೂರಿನ ಕಡೆಯವರು. ಮಾವ ಹೋದ ಮೇಲೆ ನಮ್ಮ ಜೊತೆ ನೈರೋಬಿಗೆ ಬಂದವರು ಇಲ್ಲಿಯ ತಂಪಿಗೆ ಮನಸೋತು ಇಲ್ಲೇ ಉಳಿದರು. ಇಂಗ್ಲಿಷ್ ಬರುವುದಿಲ್ಲ, ಸ್ವಾಹಿಲಿ ಬರುವುದಿಲ್ಲ. "ಎರಡು ಕೈ, ಒಂದು ಬಾಯಿ ಅದಲ್ಲಾ, ಸಾಕು" ಎನ್ನುವುದು ಅವರ ಫಾರಿನ್ ಪಾಲಿಸಿ.

ಆ ಪಾಲಿಸಿಗೆ ದೊಡ್ಡ ಗೆಲುವು ಸಿಕ್ಕಿದ್ದು ಹೋದ ವರ್ಷ. ಹೂ ಅವರ ತಾಯಿ ಚೀನಾದ ಹಳ್ಳಿಯಿಂದ ಮಗನ ಮನೆಗೆ ಬಂದು ಕೆಲವು ತಿಂಗಳು ಇದ್ದರು. ಕಾಂಪೌಂಡಿನ ಜಕರಂಡಾ ಮರದ ಕೆಳಗೆ ಒಂದು ಬೆಂಚಿದೆ. ಒಂದು ತುದಿಯಲ್ಲಿ ನಮ್ಮತ್ತೆ, ಇನ್ನೊಂದು ತುದಿಯಲ್ಲಿ ಆ ತಾಯಿ. ವಾರ ಕಳೆಯುವುದರಲ್ಲಿ ತುದಿಗಳು ನಡುವಿಗೆ ಬಂದವು. ಮಧ್ಯೆ ಒಂದು ಪೊಟ್ಟಣ ಹುರಿದ ಕಡಲೆಕಾಯಿ. ಇವರು ಮಂಡ್ಯದ ಕನ್ನಡದಲ್ಲಿ ಸೊಸೆಯನ್ನು (ಅಂದರೆ ನನ್ನನ್ನು) ದೂರುತ್ತಿದ್ದರು. ಅವರು ಚೀನೀ ಭಾಷೆಯಲ್ಲಿ ಯಾರನ್ನೋ ದೂರುತ್ತಿದ್ದರು. ಇಬ್ಬರೂ ಸರಿಯಾದ ಜಾಗದಲ್ಲೇ ತಲೆ ಆಡಿಸುತ್ತಿದ್ದರು!

"ಚೀನಕ್ಕ ನನ್ನ ಕಂಡೇಟ್ಗೆ ಜೈ ಜೈ ಅಂತಾಳೆ ಕಣೆ. ಭಾಳ ದೈವಭಕ್ತೆ" ಎಂದು ಅತ್ತೆ ಒಮ್ಮೆ ಹೇಳಿದ್ದರು. ಅದು ಜೈ ಜೈ ಅಲ್ಲ, "ಜಿಯೆಜಿಯೆ", ಅವರ ಭಾಷೆಯಲ್ಲಿ ಅಕ್ಕ ಎಂದು ಹೂ ಆಮೇಲೆ ತಿಳಿಸಿದರು. ಅಲ್ಲಿಗೆ ಇಬ್ಬರೂ ಪರಸ್ಪರ ಅಕ್ಕ ಎಂದೇ ಕರೆದುಕೊಳ್ಳುತ್ತಿದ್ದರು ಎಂದಾಯಿತು. ತಂಗಿಯಾಗಲು ಇಬ್ಬರಿಗೂ ಇಷ್ಟವಿರಲಿಲ್ಲವೋ ಏನೋ.

ಒಂದು ದಿನ ಚೀನಕ್ಕ ನಮ್ಮತ್ತೆಯ ನೈಟಿಯ ತುದಿ ಹಿಡಿದು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ತನ್ನ ಎದೆ ಮುಟ್ಟಿ ತೋರಿಸಿದರಂತೆ. ನನಗೂ ಬೇಕು ಅಂತ.

ನೈಟಿಯ ಮಹಿಮೆ ನಿಮಗೆ ನಾನು ಹೇಳಬೇಕೆ? ಹೆಸರಿಗೆ ಮಾತ್ರ ರಾತ್ರಿಯದು. ಹಾಲು ತರಲು, ತರಕಾರಿಯವನ ಹತ್ತಿರ ಚೌಕಾಸಿ ಮಾಡಲು, ಹಪ್ಪಳ ಒಣಹಾಕಲು ಎಲ್ಲಕ್ಕೂ ಅದೇ ಯೂನಿಫಾರ್ಮ್. ಅತ್ತೆ ತಮ್ಮ ಹೊಲಿಗೆ ಮಷೀನು ಹೊರಗೆ ತೆಗೆದರು. ಕೆಂಪು ಹೂಗಳ ಬಟ್ಟೆ, ತುಂಬುತೋಳು, ಎರಡು ಜೋಬು. ಜೋಬು ಕಡಲೆಕಾಯಿಗೆ. ಅವತ್ತಿನಿಂದ ಚೀನಕ್ಕ ಬೇರೆ ಬಟ್ಟೆ ಹಾಕಿದ್ದು ನಾನು ಕಂಡಿದ್ದು ಕಡಿಮೆ.

ಆಮೇಲೆ ಅವರು ಊರಿಗೆ ಹೋದರು. ಅಲ್ಲಿಯ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಮಗನೂ ಸೊಸೆಯೂ ಧಾವಿಸಿ ಹೋಗಿ ಮಣ್ಣು ಮಾಡಿ ಬಂದರು. ಸುದ್ದಿ ತಿಳಿದ ಸಂಜೆ ಅತ್ತೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿದ್ದ ಕಡಲೆಕಾಯಿ ಪೊಟ್ಟಣ ಬಿಚ್ಚಿರಲಿಲ್ಲ. ನಾನು ಹೋಗಿ ಕರೆದರೆ, "ನೀ ಓಗು, ಬತ್ತೀನಿ" ಎಂದವರು ಕತ್ತಲಾಗುವವರೆಗೂ ಬರಲಿಲ್ಲ.

ಇದು ಹಿನ್ನೆಲೆ.

ಕಳೆದ ಶನಿವಾರ ಹೂ ನಮ್ಮ ಮನೆಯ ಬೆಲ್ ಒತ್ತಿದರು. ಕೈಯಲ್ಲೊಂದು ದೊಡ್ಡ ರಟ್ಟಿನ ಪೆಟ್ಟಿಗೆ. ಮುಖದಲ್ಲಿ ಸಾಲ ಕೇಳಲು ಬಂದವರ ಸಂಕೋಚ.

"ನಾಳೆ ನಮ್ಮಲ್ಲಿ ಚಿಂಗ್‌ಮಿಂಗ್" ಎಂದರು ಇಂಗ್ಲಿಷಿನಲ್ಲಿ. "ಹಿರಿಯರನ್ನು ನೆನೆಯುವ ದಿನ. ಅಮ್ಮ ಹೋದ ಮೇಲೆ ಇದೇ ಮೊದಲನೆಯದು. ನಾನು ಊರಿಗೆ ಹೋಗಲಾಗುತ್ತಿಲ್ಲ."

ಹೋಗುವ ಹಾಗಿರಲಿಲ್ಲ. ಅವರ ಹೆಂಡತಿಗೆ ದಿನ ತುಂಬಿದೆ. ಡಾಕ್ಟರು ಮಂಚದಿಂದ ಇಳಿಯಬೇಡಿ ಎಂದಿದ್ದಾರೆ.

ಚಹಾ ಕುಡಿಯುತ್ತಾ ಅವರು ವಿವರಿಸಿದರು. ಏಪ್ರಿಲ್ ಮೊದಲ ವಾರದಲ್ಲಿ, ಅಲ್ಲಿ ವಸಂತ ಚಿಗುರುವಾಗ ಬರುವ ಹಬ್ಬವಿದು. ಚಿಂಗ್‌ಮಿಂಗ್ ಎಂದರೆ ತಿಳಿ, ಬೆಳಕು. ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಕಳೆ ಕೀಳುತ್ತಾರೆ, ಗುಡಿಸುತ್ತಾರೆ. ಹಣ್ಣು, ತಿಂಡಿ, ಮದ್ಯ ಇಟ್ಟು ಕೈಮುಗಿಯುತ್ತಾರೆ. ಕಾಗದದ ನೋಟು, ಕಾಗದದ ಬಟ್ಟೆ ಸುಡುತ್ತಾರೆ. ಸುಟ್ಟಿದ್ದು ಸತ್ತವರಿಗೆ ತಲುಪುತ್ತದೆ. ಆಮೇಲೆ ಅಲ್ಲೇ ಕೂತು ಊಟ. ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಅಳು, ಪಿಕ್‌ನಿಕ್ ಎರಡೂ ಒಂದೇ ದಿನ.

"ಇದ್ಯಾಕೆ ಸುರುವಾಯ್ತಂತೆ ಕೇಳು" ಎಂದರು ಅತ್ತೆ. ನಾನು ಕೇಳಿದೆ. ಹೂ ಕಥೆ ಹೇಳಿದರು.

ಬಹಳ ಹಿಂದೆ ಒಬ್ಬ ರಾಜಕುಮಾರ ರಾಜ್ಯ ಕಳೆದುಕೊಂಡು ಕಾಡುಮೇಡು ಅಲೆಯುತ್ತಿದ್ದನಂತೆ. ಹಸಿವಿನಿಂದ ಸಾಯುವ ಹಾಗಾದಾಗ ಜೊತೆಗಿದ್ದ ಸೇವಕನೊಬ್ಬ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಸಾರು ಮಾಡಿ ಕುಡಿಸಿದ. ಮುಂದೆ ರಾಜ್ಯ ಸಿಕ್ಕಿತು. ಜೊತೆಗಿದ್ದವರಿಗೆಲ್ಲ ಬಹುಮಾನ ಸಿಕ್ಕಿತು. ಸಾರು ಕೊಟ್ಟವನು ಮಾತ್ರ ಮರೆತುಹೋದ. ಅವನೂ ಕೇಳಲಿಲ್ಲ. ಮುದಿ ತಾಯಿಯನ್ನು ಕರೆದುಕೊಂಡು ಬೆಟ್ಟ ಸೇರಿದ. ತಡವಾಗಿ ನೆನಪಾದ ರಾಜ ಹುಡುಕಿಸಿದ. ಸಿಗಲಿಲ್ಲ. ಹೊಗೆಗೆ ಹೊರಬರಲಿ ಎಂದು ಯಾರೋ ಹೇಳಿದ ಮಾತು ಕೇಳಿ ಕಾಡಿಗೇ ಬೆಂಕಿ ಇಟ್ಟ. ತಾಯಿ ಮಗ ಇಬ್ಬರೂ ಒಂದು ಮರಕ್ಕೆ ಆತುಕೊಂಡು ಬೆಂದುಹೋದರು. ರಾಜ ಎದೆ ಬಡಿದುಕೊಂಡ. ವರ್ಷವರ್ಷವೂ ಆ ದಿನ ರಾಜ್ಯದಲ್ಲಿ ಯಾರೂ ಒಲೆ ಹಚ್ಚಕೂಡದು, ತಣ್ಣನೆಯದನ್ನೇ ತಿನ್ನಬೇಕು ಎಂದು ಡಂಗುರ ಹೊಡೆಸಿದ. ಆ ತಣ್ಣನೆ ಊಟದ ಹಬ್ಬವೇ ಕಾಲಾಂತರದಲ್ಲಿ ಸಮಾಧಿ ಗುಡಿಸುವ ಈ ಹಬ್ಬದೊಳಗೆ ಸೇರಿಹೋಯಿತಂತೆ.

ನಾನು ಅನುವಾದಿಸಿ ಮುಗಿಸುವಷ್ಟರಲ್ಲಿ ಅತ್ತೆಗೆ ಸಿಟ್ಟು ಬಂದಿತ್ತು.

"ಅಲ್ಲ ಕಣಪ್ಪ ಹೂವಪ್ಪ, ಬೆಂಕಿ ಮಡಗಿ ಕರೀತಾರಾ ಯಾರಾದ್ರೂವೆ? ಬಾಯಿ ಸತ್ತೋಗಿತ್ತಾ? ಆ ಮುದುಕಿ ಏನ್ ಮಾಡಿದ್ಲು ಪಾಪ?"

ಹೂಗೆ ಕನ್ನಡ ಅರ್ಥವಾಗಲಿಲ್ಲ. ಆದರೆ ಆ ರಾಜನ ಪರವಾಗಿ ತಲೆ ತಗ್ಗಿಸಿದರು.

ನನಗೆ ಬೇರೆಯೇ ಆಶ್ಚರ್ಯ. ಒಲೆಯನ್ನೇ ಹಚ್ಚಬೇಡಿ ಎಂದು ಹುಟ್ಟಿದ ಹಬ್ಬ, ಈಗ ಬೆಂಕಿಯಿಲ್ಲದೆ ನಡೆಯುವುದಿಲ್ಲ! ಹಬ್ಬಗಳಿಗೂ ಮರೆವಿದೆಯೇ?

ಹೂ ಪೆಟ್ಟಿಗೆ ತೆರೆದರು. ಯಮಲೋಕದ ಬ್ಯಾಂಕಿನ ನೋಟಿನ ಕಟ್ಟುಗಳು. ಅವುಗಳ ಕೆಳಗೆ ಮಡಿಸಿಟ್ಟ ಒಂದು ಕಾಗದದ ಕೋಟು. ಸಾಮಾನ್ಯದ್ದಲ್ಲ. ತುಪ್ಪಳದ ಕಾಲರಿನ ಚಿತ್ರ, ಚಿನ್ನದ ಬಣ್ಣದ ಗುಂಡಿ, ಸೊಂಟಕ್ಕೆ ಬೆಲ್ಟು. ಊರಿಂದ ಬಂದವರ ಕೈಲಿ ತರಿಸಿದ್ದು.

"ಊರಿನಲ್ಲಿರುವ ನನ್ನ ಅಕ್ಕನ ಕನಸಿನಲ್ಲಿ ಅಮ್ಮ ಬಂದಿದ್ದಳಂತೆ. ಚಳಿ ಚಳಿ ಎಂದು ನಡುಗುತ್ತಿದ್ದಳಂತೆ. ಅದಕ್ಕೇ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದುಬಾರಿ ಕೋಟು ಕಳಿಸಲು ಹೇಳಿದೆ. ದೂರ ಇರುವವರು ನಾಲ್ಕು ದಾರಿ ಕೂಡುವ ಕಡೆ ಸುಟ್ಟರೂ ಆಗುತ್ತದೆ. ಈ ಊರಿನಲ್ಲಿ ಅಮ್ಮನಿಗೆ ಗೊತ್ತಿದ್ದವರು ಇವರೊಬ್ಬರೇ. ಇವರು ಬಂದರೆ..."

ವಾಕ್ಯ ಮುಗಿಯಲಿಲ್ಲ. ಅತ್ತೆಗೆ ಅನುವಾದವೂ ಬೇಕಾಗಲಿಲ್ಲ. "ಬತ್ತೀನಿ ಅನ್ನು" ಎಂದರು.

ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಮಾವನವರ ಎಡೆಗೆ ಮುದ್ದೆ, ನಾಟಿಕೋಳಿ ಸಾರು, ಜೊತೆಗೆ ಬೀಡಿ, ಬೆಂಕಿಪೊಟ್ಟಣ ಇಡುವ ಮನೆ ನಮ್ಮದು. (ನೈರೋಬಿಯಲ್ಲಿ ಬೀಡಿ ಸಿಗದೆ ಸಿಗರೇಟಿಟ್ಟೆವು. ಪ್ರಮೋಷನ್ ಸಿಕ್ಕಿತೆಂದು ಖುಷಿಪಟ್ಟಿರಬೇಕು.) ಬೀಡಿ ಇಡುವವರು ಕೋಟು ಸುಡುವವರನ್ನು ನೋಡಿ ನಗಬಹುದೇ?

ಭಾನುವಾರ ಸಂಜೆ ಹೊರಟೆವು. ಟ್ರಾಫಿಕ್ ಇರಲಿಲ್ಲ. ಮೋಡ ಕವಿದಿತ್ತು, ಆದರೆ ಹನಿ ಬಿದ್ದಿರಲಿಲ್ಲ. ಹೂ ಫೋನಿನ ದಿಕ್ಸೂಚಿ ನೋಡಿ, ಸೀಮೆಸುಣ್ಣದಲ್ಲಿ ರಸ್ತೆಯ ಅಂಚಿನಲ್ಲಿ ಒಂದು ವೃತ್ತ ಬರೆದರು. ಈಶಾನ್ಯಕ್ಕೆ ಮಾತ್ರ ಒಂದಿಷ್ಟು ಜಾಗ ಬಿಟ್ಟರು. ಅದು ಊರಿನ ಕಡೆಗೆ ಬಾಗಿಲು. ವೃತ್ತದ ಹೊರಗೆ ನಾಲ್ಕು ನೋಟು ಎಸೆದರು. ದಿಕ್ಕುದೆಸೆಯಿಲ್ಲದ ಪ್ರೇತಗಳಿಗಂತೆ, ಅವು ದಾರಿಯಲ್ಲಿ ಅಮ್ಮನ ಪಾಲು ಕಿತ್ತುಕೊಳ್ಳದಿರಲಿ ಎಂದು. "ಒಳ್ಳೇದೇ ಬುಡು, ಅವ್ಕೂ ಯಾರದಾರೆ" ಎಂದರು ಅತ್ತೆ.

ಹೂ ಬೆಂಕಿ ಹಚ್ಚಿದರು. ನೋಟುಗಳು ಚೆನ್ನಾಗಿ ಹತ್ತಿಕೊಂಡವು. ಕೋಟನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಮೇಲಿಟ್ಟರು.

ನಾವು ಮರೆತಿದ್ದು ಒಂದೇ. ನೈರೋಬಿಯಲ್ಲಿ ಜಂಕ್ಷನ್‌ನಲ್ಲಿ ಹೊಗೆ ಕಂಡರೆ ಯಾರೂ ಹೋಮ ಅಂದುಕೊಳ್ಳುವುದಿಲ್ಲ. ಟೈರ್ ಅಂದುಕೊಳ್ಳುತ್ತಾರೆ.

"ಮಾಂದಮಾನೊ! ಮಾಂದಮಾನೊ!" ಮಟಾಟುವಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕೂಗಿದ. ಪ್ರತಿಭಟನೆ, ಪ್ರತಿಭಟನೆ ಅಂತ. ಮಟಾಟು ರಿವರ್ಸ್. ಷಟರ್ ಡೌನ್. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬಾಲ್ಕನಿಯಿಂದ ಹೊಗೆಯ ಫೋಟೊ ಹಾಕಿ, ಎಲ್ಲರೂ ಮನೆಯೊಳಗೇ ಇರಿ ಎಂದರು.

ಊರಿನ ಆ ತುದಿಯ ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿದ್ದ ನಮ್ಮೆಜಮಾನರ ಫೋನು. "ಎಲ್ಲಿದ್ದೀರ? ನಮ್ಮ ಜಂಕ್ಷನ್‌ನಲ್ಲಿ ಗಲಾಟೆ ಆಗ್ತಿದೆಯಂತೆ, ಅಮ್ಮನ್ನ ಹೊರಗೆ ಬಿಡಬೇಡ!"

"ರೀ, ಗಲಾಟೆ ಮಾಡ್ತಾ ಇರೋದೇ ಅಮ್ಮ."

ಅಷ್ಟರಲ್ಲಿ ಅದು ಆಗಿಹೋಯಿತು. ಬೋಡಾಬೋಡಾ, ಅಂದರೆ ಬೈಕ್ ಟ್ಯಾಕ್ಸಿ ಓಡಿಸುವ ಒಟಿಯೆನೊ ನಮಗೆಲ್ಲ ಗೊತ್ತಿರುವವನೇ. ಒಳ್ಳೆಯ ಮನುಷ್ಯ. ಬೆಂಕಿಯ ಪಕ್ಕ ಒಬ್ಬ ಮುದುಕಿ ನಿಂತಿದ್ದನ್ನು ಕಂಡು, ಬೈಕ್ ತೊಳೆಯಲು ಇಟ್ಟುಕೊಂಡಿದ್ದ ನೀರಿನ ಕ್ಯಾನು ಎತ್ತಿಕೊಂಡು ಓಡಿಬಂದವನೇ ಅಷ್ಟನ್ನೂ ಸುರಿದುಬಿಟ್ಟ!

ಚುಂಯ್ ಎಂದಿತು. ಮುಗಿಯಿತು.

ಕೋಟಿನ ಒಂದು ತೋಳು ಬೂದಿಯಾಗಿತ್ತು. ಉಳಿದದ್ದು ಒದ್ದೆ ಮುದ್ದೆಯಾಗಿ ಕಪ್ಪು ನೀರಿನಲ್ಲಿ ಬಿದ್ದಿತ್ತು. ಹೂ ಅದನ್ನು ಎತ್ತಲು ನೋಡಿದರು. ಕೈಯಲ್ಲೇ ಹರಿಯಿತು.

"ಅರ್ಧ ಸುಟ್ಟರೆ ಅರ್ಧವೇ ತಲುಪುವುದು" ಎಂದರು. ಆಮೇಲೆ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಮುಖ ಮುಚ್ಚಿಕೊಂಡು ಅಳತೊಡಗಿದರು. ಲಿಫ್ಟಿನಲ್ಲಿ ಬಾಗಿಲು ಹಿಡಿದುಕೊಳ್ಳುವ ಆ ಮನುಷ್ಯ. ಶಬ್ದವಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು.

ಒಟಿಯೆನೊಗೆ ತಾನೇನೋ ತಪ್ಪು ಮಾಡಿದೆ ಎಂದು ಹೊಳೆಯಿತು. ಕ್ಯಾನು ಕೆಳಗಿಟ್ಟು, "ಪೋಲೆ, ಮಾಮಾ. ಪೋಲೆ ಸಾನಾ" ಎಂದ. ಕ್ಷಮಿಸಿ, ತುಂಬ ಬೇಜಾರಾಯಿತು ಅಂತ.

"ಪೋಲಿ ಅಂತ ಅವ್ನೇ ಒಪ್ಕತಾವ್ನೆ ನೋಡು" ಎಂದರು ಅತ್ತೆ.

ಆ ಹೊತ್ತಿನಲ್ಲೂ ನನಗೆ ನಗು ತಡೆಯಲು ಕಷ್ಟವಾಯಿತು. ಸುದೈವ, ಪೊಲೀಸ್ ಜೀಪು ಬಂತು. ನಗು ತಾನಾಗೇ ನಿಂತಿತು.

ಇಳಿದ ಆಫೀಸರ್ ಆಚೀಚೆ ನೋಡಿದರು. "ಟೈರ್ ಎಲ್ಲಿ?"

"ಟೈರ್ ಇಲ್ಲ ಸರ್. ಕೋಟು."

"ಕೋಟು?"

ನಾನು ವಿವರಿಸಿದೆ. ಚಿಂಗ್‌ಮಿಂಗ್, ಕಾಗದ, ನಾಲ್ಕು ದಾರಿ, ಕನಸು. ಹೇಳುತ್ತಾ ಹೋದಂತೆ ಎಲ್ಲವೂ ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳತೊಡಗಿತು. ಆಫೀಸರ್ ರಸ್ತೆ ಮೇಲೆ ಕೂತಿದ್ದ ಹೂ ಅವರನ್ನು ತೋರಿಸಿ, "ತೀರಿಕೊಂಡವರು ಇವರಿಗೆ ಏನಾಗಬೇಕು?" ಎಂದರು.

"ತಾಯಿ" ಎಂದೆ.

ಅವರು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೋಡಿ ಮೇಡಂ, ತಾಯಿಗೆ ಏನು ಮಾಡಬೇಕೋ ಮಾಡಲಿ. ಆದರೆ ರಸ್ತೆಯಲ್ಲಿ ಬೇಡ, ಜನ ಹೆದರುತ್ತಾರೆ. ನಿಮ್ಮ ಕಾಂಪೌಂಡಿನೊಳಗೆ ಮಾಡಿಕೊಳ್ಳಿ" ಎಂದರು. ಟೊಪ್ಪಿಗೆ ಹಾಕಿಕೊಂಡು ಜೀಪು ಹತ್ತಿದರು.

ಮಾಡಿಕೊಳ್ಳಲು ಉಳಿದಿದ್ದೇನು? ಕೋಟೇ ಇಲ್ಲ. ಇನ್ನೊಂದು ಬರಬೇಕಾದರೆ ಯಾರಾದರೂ ಚೀನಾದಿಂದ ಬರಬೇಕು.

ಅತ್ತೆ ಒದ್ದೆ ಕಾಗದವನ್ನು ಚಪ್ಪಲಿಯ ತುದಿಯಲ್ಲಿ ಸರಿಸಿ ನೋಡುತ್ತಿದ್ದರು. "ಅಲ್ಲ ಕಣೆ, ಚೀನಕ್ಕ ಅದ್ಯಾವತ್ತು ಇಂಥ ಕೋಟು ಆಕಿದ್ಲು? ಇದ ಕಂಡಿದ್ರೆ ಬೀರೂಗೆ ಮಡಗಿ ಬೀಗ ಆಕೋಳು. ಚಳಿ ಅಂಗೇ ಇರೋದು." ಆಮೇಲೆ ಹೂ ಅವರ ಭುಜ ತಟ್ಟಿದರು. "ಏಳಪ್ಪ ಮಗಾ. ನಿಮ್ಮವ್ವಂಗೆ ನಾ ಒಲ್ದು ಕೊಡ್ತೀನಿ."

ಮನೆಗೆ ಬಂದವರೇ ಹಾಲ್‌ನಲ್ಲಿ ಚಾಪೆ ಹಾಸಿ ಕೂತರು. ಮಗಳು ಇಂಚರಾಳ ಕಪಾಟಿನಲ್ಲಿ ಬರ್ತ್‌ಡೇ ಗಿಫ್ಟ್ ಸುತ್ತುವ ಕಾಗದದ ಸುರುಳಿ ಇತ್ತು. ಗುಲಾಬಿ ನೆಲದ ಮೇಲೆ ಕೆಂಪು ಹೂ. ಅತ್ತೆ ಅದನ್ನು ನೆಲಕ್ಕೆ ಹಾಸಿದರು. ಟೇಪಿಲ್ಲ, ಗೆರೆಯಿಲ್ಲ. ಗಾಳಿಯಲ್ಲಿ ಎರಡೂ ಕೈ ಚಾಚಿ, ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ಒಮ್ಮೆ ಭುಜದ ಅಗಲ ಹಿಡಿದರು. ಹಾಗೇ ಕಾಗದದ ಮೇಲೆ ಇಳಿಸಿದರು. ಕತ್ತರಿ ಓಡಿತು.

ತುಂಬುತೋಳು. ಕತ್ತಿನ ಸುತ್ತ ಪಟ್ಟಿ. ಅಂಟು ಹಚ್ಚಿ ಹಿಂದು ಮುಂದು ಸೇರಿಸಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇಂಚರಾ, "ಅಜ್ಜಿ, ಯೂ ಫರ್ಗಾಟ್ ದ ಪಾಕೆಟ್ಸ್!" ಎಂದಳು.

"ಏನಂದ್ಲು?"

"ಜೋಬು ಮರೆತಿರಿ ಅಂತೆ."

"ಮರೀತೀನಾ? ಕಡೇಗೆ ಆಕಾದು ಅದ. ನೀ ಬಾ, ಗುಂಡಿ ಬರಿ."

ಇಂಚರಾ ಸ್ಕೆಚ್‌ಪೆನ್ನಿನಲ್ಲಿ ಗುಂಡಿ ಬರೆದಳು. ಅತ್ತೆ ಎರಡು ಜೋಬು ಅಂಟಿಸಿ, ಒಳಗೆ ಎರಡೆರಡು ಹಿಡಿ ಕಡಲೆಕಾಯಿ ತುಂಬಿಸಿದರು. ಹೂ ಸೋಫಾದ ತುದಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಇದು... ಅಮ್ಮ ಇಲ್ಲಿ ಹಾಕಿಕೊಳ್ಳುತ್ತಿದ್ದುದಲ್ಲವೇ?"

"ಹೌದು" ಎಂದೆ.

"ನಾನು ಅದನ್ನು ಹಾಕಿಕೊಂಡು ಕೆಳಗೆ ಹೋಗಬೇಡ ಎನ್ನುತ್ತಿದ್ದೆ" ಎಂದರು.

ನಮ್ಮ ಪಾರ್ಕಿಂಗ್‌ನಲ್ಲಿ ಎರಡು ಬ್ಲಾಕಿಗೆ ಹೋಗುವ ದಾರಿ, ಗೇಟಿನ ದಾರಿ, ಕಸದ ಕೋಣೆಯ ದಾರಿ ಕೂಡುವ ಒಂದು ಜಾಗವಿದೆ. "ಇದೂ ನಾಕು ದಾರಿನೇ ಅಲ್ವಾ?" ಎಂದರು ಅತ್ತೆ. ಅಲ್ಲ ಎನ್ನಲು ಯಾರಿಗೆ ಧೈರ್ಯ? ನಾನು ಗ್ರೂಪಿನಲ್ಲಿ ವಿಷಯ ತಿಳಿಸಿದೆ. ಮನೆಯೊಳಗೇ ಇರಿ ಎಂದಿದ್ದವರೇ ಮೊದಲು ಹೆಬ್ಬೆರಳು ಒತ್ತಿದರು. ಒಟಿಯೆನೊ ಕ್ಯಾನಿಗೆ ಮತ್ತೆ ನೀರು ತುಂಬಿಸಿಕೊಂಡು ಬಂದು ನಿಂತ. ಈ ಸಲ ಕೇಳದೆ ಸುರಿಯುವುದಿಲ್ಲ ಎಂದು ಅವನೇ ಮಾತು ಕೊಟ್ಟ.

ಮತ್ತೆ ಸೀಮೆಸುಣ್ಣದ ವೃತ್ತ. ಮತ್ತೆ ಈಶಾನ್ಯಕ್ಕೆ ಬಾಗಿಲು. ಹೂ ಬೆಂಕಿ ಕೊಟ್ಟರು. ಗುಲಾಬಿ ಕಾಗದ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುತ್ತಾ ಉರಿಯಿತು. ತೋಳು, ಕತ್ತು, ಗುಂಡಿ. ಕೊನೆಗೆ ಜೋಬು. ಇಡೀ ಪಾರ್ಕಿಂಗ್ ತುಂಬ ಹುರಿದ ಕಡಲೆಕಾಯಿ ವಾಸನೆ. ಒಟಿಯೆನೊ ಮೂಗರಳಿಸಿ, ಜೇಬಿನಲ್ಲಿದ್ದ ಸೋಡಾ ಬಾಟಲಿ ತೆಗೆದು, ಕುಡಿಯುವ ಮುಂಚೆ ಪಕ್ಕದ ಮಣ್ಣಿಗೆ ಒಂದಿಷ್ಟು ಚೆಲ್ಲಿದ. ಯಾಕೆ ಎಂದೆ. "ನಮ್ಮಜ್ಜ ಹೀಗೇ ಮಾಡ್ತಿದ್ದ. ಹಿರಿಯರಿಗೆ ಮೊದಲು" ಎಂದ.

ಒಂದು ಚೂರೂ ಉಳಿಯಲಿಲ್ಲ. ಪೂರ್ತಿ ತಲುಪಿತು.

ಹೂ ಊರಿನ ಅಕ್ಕನಿಗೆ ವೀಡಿಯೊ ಕಾಲ್ ಮಾಡಿದರು. ಅಲ್ಲಿ ಸರಿರಾತ್ರಿ, ಆದರೂ ಅವರು ಎದ್ದೇ ಇದ್ದರು. ಉರಿಯುವ ಮುಂಚೆ ತೆಗೆದಿದ್ದ ನೈಟಿಯ ಫೋಟೊವನ್ನು ಹೂ ಕಳಿಸಿದರು. ಅದನ್ನು ನೋಡಿ ಆಕೆ ಏನೋ ಹೇಳಿದರು, ಅತ್ತರು, ಮತ್ತೆ ಹೇಳಿದರು. ಫೋನಿಟ್ಟ ಮೇಲೆ ಹೂ ನಮ್ಮ ಕಡೆ ತಿರುಗಿದರು.

"ಅಮ್ಮ ಊರಿಗೆ ಹೋದ ಮೇಲೂ ಇದನ್ನೇ ಹಾಕಿಕೊಳ್ಳುತ್ತಿದ್ದಳಂತೆ. ದಪ್ಪ ಅಂಗಿಯ ಮೇಲೆ. ಅಕ್ಕಪಕ್ಕದವರು ನಗುತ್ತಿದ್ದರಂತೆ. ಕೊನೆಯಲ್ಲಿ, ನನ್ನನ್ನು ಇದರಲ್ಲೇ ಮಣ್ಣು ಮಾಡಿ ಎಂದಳಂತೆ. ಅಕ್ಕನಿಗೆ ನಾಚಿಕೆಯಾಯಿತು. ರೇಷ್ಮೆ ತೊಡಿಸಿದಳು. ಇದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ನನಗೆ ಹೇಳಿರಲಿಲ್ಲ."

ನಾನು ಕನ್ನಡಕ್ಕೆ ತಂದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ರೇಷ್ಮೆ ಚಳಿ ತಡೀತದಾ?" ಎಂದರು, ಅಷ್ಟೇ.

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ನಾ ಓದ್ಮೇಲೆ ನನ್ನ ಎಡೆಗೆ ಏನಿಕ್ಕೀಯೇ?"

"ಅಯ್ಯೋ, ಬಿಡ್ತು ಅನ್ನಿ" ಎಂದೆ. ಆದರೆ ಒಳಗೊಳಗೇ ಲೆಕ್ಕ ಹಾಕಿದೆ. ಮಾವನವರಿಗೆ ನಾಟಿಕೋಳಿ. ನಮ್ಮೆಜಮಾನರಿಗೆ ಮೈಸೂರು ಪಾಕು. ಇಂಚರಾಗೆ ಪಾಸ್ತಾ. ಅತ್ತೆಗೆ? ಎಲ್ಲರದೂ ಆದ ಮೇಲೆ ತಪ್ಪಲೆಯಲ್ಲಿ ಉಳಿದದ್ದನ್ನು ಬಳಿದು ಉಣ್ಣುವವರಿಗೆ ಏನು ಇಷ್ಟ ಎಂದು ಗೊತ್ತಾಗುವುದು ಹೇಗೆ?

"ನೀವೇ ಹೇಳಿ, ಏನಿಡಲಿ?"

ಅತ್ತೆ ಲಿಫ್ಟಿನ ಕನ್ನಡಿ ನೋಡಿಕೊಂಡು, ಸ್ವಲ್ಪ ನಾಚಿಕೊಂಡೇ ಹೇಳಿದರು. "ಆ ಮೂಲೆ ಓಟ್ಲಲ್ಲಿ ಕೊಡ್ತಾರಲ್ಲ, ಆಲೂಗಡ್ಡೆ ಕರ್ದು, ಕೆಂಪಗೆ ಖಾರವಾಗಿ... ಚಿಪ್ಸ್ ಮಸಾಲ."

ನಾನು ನಮ್ಮ ಫ್ಲೋರಿನ ಬಟನ್ ಬಿಟ್ಟು ಗ್ರೌಂಡ್ ಫ್ಲೋರ್ ಒತ್ತಿದೆ.

ಎರಡು ಪ್ಲೇಟ್ ತರಿಸಿದೆ. ಅತ್ತೆ ತಮ್ಮದನ್ನು ಮುಗಿಸಿ ನನ್ನದಕ್ಕೂ ಕೈ ಹಾಕಿದರು. ಎಡೆ ಇಡುವುದಕ್ಕೆ ಸಾಯುವ ತನಕ ಕಾಯಬೇಕು ಎಂದು ಯಾವ ದೇಶದ ಹಬ್ಬದಲ್ಲಿ ಬರೆದಿದೆ, ಹೇಳಿ?